ಅಪ್‌ಡೇಟ್: ಉಮ್ಮತ್ತಾಟ್ ಗೆಳತಿಯ ಮನೆಗೆ ಹೋಗಿ ಬಂದೆ

ಹಬ್ಬಕ್ಕೆ ಮುಂಚೆ ಇಲ್ಲೇ ಒಂದು ಪ್ರಶ್ನೆ ಕೇಳಿದ್ದೆ. ಮಡಿಕೇರಿಯಲ್ಲಿ ಜೊತೆಗೆ ಬೆಳೆದ ಕೊಡವ ಗೆಳತಿ ಒಂಬತ್ತನೇ ಕ್ಲಾಸಲ್ಲಿ, ಉಮ್ಮತ್ತಾಟ್ (ಕೊಡವ ಹೆಂಗಸರು ತಾಳ ಹಿಡಿದು ಕುಣಿಯುವ ಕುಣಿತ) ಅಭ್ಯಾಸದ ಮಧ್ಯೆ, ಎಲ್ಲರೆದುರು 'ಇದು ನಿಮ್ಮ ಕುಣಿತ ಅಲ್ಲ' ಎಂದಿದ್ದಳು. ನಾವು ಕೊಡವರಲ್ಲ, ಕೊಡಗಿನದೇ ಇನ್ನೊಂದು ಸಮುದಾಯ, ಅರೆಭಾಷೆ ಗೌಡರು. ಆಮೇಲೆ 18 ವರ್ಷ ಮಾತಿಲ್ಲ. ಈಗ ಪುತ್ತರಿಗೆ (ಕೊಡಗಿನ ಸುಗ್ಗಿ ಹಬ್ಬ) ಕರೆದಿದ್ದಾಳೆ, ಹೋಗಲಾ ಅಂತ.

ಹೋದೆ. (ಅವರಿಗೆ ಪುತ್ತರಿ, ನಮಗೆ ಹುತ್ತರಿ. ಹಬ್ಬ ಒಂದೇ ಅಲ್ವಾ!) ರಾತ್ರಿ ಗದ್ದೆಯಲ್ಲಿ ಕೋವಿ ಹೊಡೆದು ಕದಿರು ಕೊಯ್ದರು. 'ಪೊಲಿ ಪೊಲಿ ದೇವಾ' (ಬೆಳೆ ಹೆಚ್ಚಲಿ ದೇವರೇ) ಅಂತ ಕೂಗುವಾಗ ನನ್ನ ಗಂಟಲೂ ಸೇರಿತು. ಯಾರೂ ತಿರುಗಿ ನೋಡಲಿಲ್ಲ.

ಊಟ ಆದ ಮೇಲೆ ಅವಳೇ ಮಾತು ತೆಗೆದಳು. 'ನಂಗೆ ಆಗ ನಮ್ಮ ಭಾಷೆ, ಕೊಡವ ತಕ್ಕ್, ಸರಿಯಾಗಿ ಬರ್ತಿರ್ಲಿಲ್ಲ ಕಣೇ. ಮನೇಲಿ ಇಂಗ್ಲಿಷೇ. ನೀನು ಆ ಕುಣಿತದ ಕಾವೇರಿ ಹಾಡನ್ನು ಅರ್ಥ ತಿಳ್ಕೊಂಡು ಹಾಡ್ತಿದ್ದೆ. ನಮ್ಮಜ್ಜಿ ನಿನ್ನ ತಾಳವನ್ನೇ ಹೊಗಳೋರು.' ನಾನು ಇಷ್ಟು ವರ್ಷ ಜಾತಿ ಅಹಂಕಾರ ಅಂದುಕೊಂಡಿದ್ದೆ. ಅದೂ ಸ್ವಲ್ಪ ಇತ್ತು, ಸುಳ್ಳು ಹೇಳಲ್ಲ. ಕೊಡವರ ಹಾಗೆ ಬೆನ್ನ ಕಡೆ ನೆರಿಗೆ ಬರುವ ಸೀರೆ ನಮ್ಮಜ್ಜಿಯೂ ಉಡುತ್ತಿದ್ದರು ಅಂದೆ. ಸುಮ್ನೆ ತಲೆಯಾಡಿಸಿದಳು. 'ಸಾರಿ' ಮಾತ್ರ ಅವಳ ಬಾಯಿಂದ ಬರಲಿಲ್ಲ. ಅದು ಇನ್ನೂ ಚುಚ್ಚುತ್ತೆ.

ಅವಳ ಮಗಳಿಗೆ ಏಳು ವರ್ಷ. ಹಿತ್ತಾಳೆ ತಾಳಗಳನ್ನು ತಟ್ಟೆ ಬಡಿದ ಹಾಗೆ ಬಡಿಯುತ್ತಿತ್ತು ಮಗು. ತಡೆಯಲಾಗದೆ ಕೈ ಹಿಡಿದು ತೋರಿಸಿದೆ. ಭಾನುವಾರ ಮತ್ತೆ ಬಾ ಅಂದಿದ್ದಾಳೆ, ಮಗಳಲ್ಲ, ಅವಳು.