ಇನ್ಸುಲಿನ್ ಹಾಕಿದೊಡನೆ ಸ್ನಾಯುಕೋಶದಲ್ಲಿ ಕ್ಯಾಲ್ಸಿಯಂ ಏರಿಕೆ: ಪ್ರಿಸರ್ವೇಟಿವ್ ಕಾರಣವೇ?

ಪ್ರಶ್ನೆ: ಸಿ2ಸಿ12 ಮಯೋಟ್ಯೂಬ್‌ಗಳಿಗೆ (ಪ್ರಯೋಗಾಲಯದಲ್ಲಿ ಬೆಳೆಸಿದ ಇಲಿಯ ಸ್ನಾಯುಕೋಶ) ಕ್ಯಾಲ್ಸಿಯಂ ತೋರಿಸುವ ಫ್ಯೂರಾ-2 ಬಣ್ಣ ತುಂಬಿಸಿ, 1 ಮಿ.ಲೀ. ಬಫರ್‌ಗೆ ಲಿಸ್ಪ್ರೊ ಇನ್ಸುಲಿನ್ ವಯಲ್‌ನಿಂದ 10 ಮೈಕ್ರೋಲೀಟರ್ ಹಾಕಿದರೆ ಸೆಕೆಂಡುಗಳಲ್ಲೇ ಕ್ಯಾಲ್ಸಿಯಂ ಏರುತ್ತದೆ. ಇದು ಇನ್ಸುಲಿನ್ ಪರಿಣಾಮವೋ, ಅದರಲ್ಲಿರುವ ಪ್ರಿಸರ್ವೇಟಿವ್ ಮೆಟಾ-ಕ್ರೆಸಾಲ್‌ನದೋ? ಗೊತ್ತಿದ್ದವರು ತಿಳಿಸಿ.

ಔಷಧಶಾಸ್ತ್ರ ವಿಭಾಗದಿಂದ: ಮೊದಲು ಲೆಕ್ಕ ಹಾಕಿ. ಆ ವಯಲ್‌ನಲ್ಲಿ ಮಿ.ಲೀ.ಗೆ 3.15 ಮಿ.ಗ್ರಾಂ. ಕ್ರೆಸಾಲ್, ಅಂದರೆ 29 ಮಿಲಿಮೋಲಾರ್. ನೂರು ಪಟ್ಟು ತೆಳುವಾದ ಮೇಲೂ ಕೋಶಕ್ಕೆ 290 ಮೈಕ್ರೋಮೋಲಾರ್ ತಲುಪುತ್ತದೆ. ಹನಿ ಬಿದ್ದ ಜಾಗದಲ್ಲಿ ಕ್ಷಣಕಾಲ ಇನ್ನೂ ಹೆಚ್ಚು. ಸ್ನಾಯು ಸಡಿಲಿಸುವ ಔಷಧ ಸಕ್ಸಿನೈಲ್‌ಕೋಲಿನ್‌ಗೆ ಬೆರೆಸುತ್ತಿದ್ದ ಕ್ಲೋರೋಕ್ರೆಸಾಲ್ ರಯನೊಡಿನ್ ಗ್ರಾಹಿಯನ್ನು (ಕೋಶದೊಳಗಿನ ಕ್ಯಾಲ್ಸಿಯಂ ಸಂಗ್ರಹದ ಬಾಗಿಲು) ತೆರೆದು ಕ್ಯಾಲ್ಸಿಯಂ ಬಿಡಿಸುತ್ತದೆಂದು 1993ರಲ್ಲೇ ತಿಳಿದಿದೆ. ಮೆಟಾ-ಕ್ರೆಸಾಲ್ ಅದಕ್ಕಿಂತ ದುರ್ಬಲ, ಆದರೂ ಈ ಪ್ರಮಾಣದಲ್ಲಿ ಕಡೆಗಣಿಸುವಂತಿಲ್ಲ. ನಿಮಗೆ ಬೇಕಿರುವುದು 100 ನ್ಯಾನೋಮೋಲಾರ್ ಇನ್ಸುಲಿನ್ ಮಾತ್ರ ಆದರೆ ವಯಲ್ ಅನ್ನು 6000 ಪಟ್ಟು ತೆಳು ಮಾಡಿ. ಆಗ ಕ್ರೆಸಾಲ್ ಸುಮಾರು 5 ಮೈಕ್ರೋಮೋಲಾರ್‌ಗೆ ಇಳಿಯುತ್ತದೆ.

ಕೋಶ ಪ್ರಯೋಗಾಲಯದಿಂದ: ಇನ್ಸುಲಿನ್ ಇಲ್ಲದೆ ಅಷ್ಟೇ ಕ್ರೆಸಾಲ್ ಹಾಕಿ ನೋಡುವುದು ಅತಿ ಮುಖ್ಯ. ಹೊರಗಿನ ಕ್ಯಾಲ್ಸಿಯಂ ತೆಗೆದು ಕ್ಯಾಲ್ಸಿಯಂ ಹಿಡಿದಿಡುವ ಇಜಿಟಿಎ ಹಾಕಿದರೂ ಏರಿಕೆ ಉಳಿದರೆ ಅದು ಒಳಗಿನ ಸಂಗ್ರಹದ್ದು. ರಯನೊಡಿನ್‌ನಿಂದ ತಡೆಯುವುದಾದರೆ ಕೋಶಗಳನ್ನು ಅದರಲ್ಲಿ ಮೊದಲೇ ನೆನೆಸಿಡಿ, ಪ್ರಮಾಣ ಕಡಿಮೆಯಾದರೆ ಅದು ಗ್ರಾಹಿಯನ್ನು ಮುಚ್ಚುವ ಬದಲು ತೆರೆದೇ ಇಡುತ್ತದೆ. ಕ್ಯಾಲ್ಸಿಯಂ ಬಿಡುಗಡೆ ತಡೆಯುವ ಔಷಧ ಡ್ಯಾಂಟ್ರೋಲೀನ್ ಹಳದಿ ಬಣ್ಣದ್ದು, 380 ನ್ಯಾನೋಮೀಟರ್ ಸುತ್ತ ಬೆಳಕು ಹೀರುವುದರಿಂದ ಫ್ಯೂರಾ-2 ಅನುಪಾತವನ್ನೇ ಕೆಡಿಸುತ್ತದೆ. ಅದಕ್ಕೆ ಬೇರೆ ಬ್ಲ್ಯಾಂಕ್ ಇಡಿ. ಪ್ರಿಸರ್ವೇಟಿವ್ ಇಲ್ಲದ ಇನ್ಸುಲಿನ್ ಪುಡಿಯನ್ನು 0.01 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿಕೊಳ್ಳುವುದೇ ವಾಸಿ. ವಯಲ್‌ನಿಂದ ಕ್ರೆಸಾಲ್ ತೆಗೆಯಲು ಹೋದರೆ ಹೆಕ್ಸಾಮರ್ (ಆರು ಇನ್ಸುಲಿನ್ ಅಣುಗಳ ಗುಂಪು) ಒಡೆದು ಇನ್ಸುಲಿನ್ ಪ್ಲಾಸ್ಟಿಕ್‌ಗೆ ಅಂಟುತ್ತದೆ.

ಅರಿವಳಿಕೆ ವಿಭಾಗದಿಂದ: ಇದನ್ನು ಓದಿ ಯಾರೂ ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾ (ಕೆಲವು ಅರಿವಳಿಕೆ ಔಷಧಗಳಿಂದ ಸ್ನಾಯುವಿನಲ್ಲಿ ಕ್ಯಾಲ್ಸಿಯಂ ಉಕ್ಕಿ ಮೈ ವಿಪರೀತ ಬಿಸಿಯಾಗುವ ಸ್ಥಿತಿ) ಒಲವಿರುವ ರೋಗಿಯ ಇನ್ಸುಲಿನ್ ನಿಲ್ಲಿಸಬೇಡಿ, ದಯವಿಟ್ಟು. 20 ಯೂನಿಟ್‌ನಲ್ಲಿ ಇಡೀ ದೇಹಕ್ಕೆ ಹೋಗುವ ಕ್ರೆಸಾಲ್ 0.63 ಮಿ.ಗ್ರಾಂ. ಒಲವಿರುವ ಹಂದಿಗಳಲ್ಲಿ ಈ ಸ್ಥಿತಿ ಶುರುವಾಗಲು ಹೆಚ್ಚು ಪ್ರಬಲವಾದ ಕ್ಲೋರೋಕ್ರೆಸಾಲ್‌ಗೂ ಕಿಲೋಗೆ 10 ಮಿ.ಗ್ರಾಂ.ಗಿಂತ ಹೆಚ್ಚು ಬೇಕಾಯಿತು. ನಿಜವಾದ ಅಪಾಯ ಹ್ಯಾಲೋಥೇನ್, ಸೆವೊಫ್ಲೂರೇನ್‌ನಂಥ ಅನಿಲಗಳಿಂದ ಮತ್ತು ಸಕ್ಸಿನೈಲ್‌ಕೋಲಿನ್‌ನಿಂದಲೇ.

ಪ್ರಿಸರ್ವೇಟಿವ್ ಬಗ್ಗೆ ಎಚ್ಚರ ಬೇಕಾದದ್ದು ಡ್ಯಾಂಟ್ರೋಲೀನ್ ಕೊಟ್ಟು ಈ ಸ್ಥಿತಿಗೆ ಚಿಕಿತ್ಸೆ ಮಾಡುವ ಹೊತ್ತಿನಲ್ಲಿ. ಹಳೆಯ ಮಾದರಿಯ 20 ಮಿ.ಗ್ರಾಂ. ಡ್ಯಾಂಟ್ರೋಲೀನ್ ವಯಲ್‌ಗೆ ಪ್ರಿಸರ್ವೇಟಿವ್ ಇಲ್ಲದ 60 ಮಿ.ಲೀ. ಸ್ಟೆರೈಲ್ ನೀರೇ ಆಗಬೇಕು. ಕಿಲೋಗೆ 2.5 ಮಿ.ಗ್ರಾಂ. ಎಂದರೆ 60 ಕಿಲೋ ರೋಗಿಗೆ 8 ವಯಲ್, 480 ಮಿ.ಲೀ. ನೀರು. ಗಡಿಬಿಡಿಯಲ್ಲಿ 0.9% ಬೆಂಜೈಲ್ ಆಲ್ಕೋಹಾಲ್ ಇರುವ ಬ್ಯಾಕ್ಟೀರಿಯೋಸ್ಟ್ಯಾಟಿಕ್ ನೀರು ಕೈಗೆ ಬಂದರೆ 4 ಗ್ರಾಂ.ಗೂ ಹೆಚ್ಚು ಬೆಂಜೈಲ್ ಆಲ್ಕೋಹಾಲ್ ರಕ್ತಕ್ಕೆ ಸೇರುತ್ತದೆ.