ವಕೀಲರನ್ನು ಕೇಳಿ: ದೊಂಬಿ ಎಲ್ಲಿಯವರೆಗೆ, ಭಯೋತ್ಪಾದಕ ಕೃತ್ಯ ಎಲ್ಲಿಂದ?

ಪ್ರಶ್ನೆ: ಸರ್, ಗುಂಪೊಂದು ಸರ್ಕಾರಿ ಬಸ್ಸಿಗೆ ಬೆಂಕಿ ಹಚ್ಚಿದರೆ ಕೆಲವು ಸಲ ದೊಂಬಿ ಕೇಸು ಆಗುತ್ತದೆ, ಕೆಲವು ಸಲ ಯುಎಪಿಎ (ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ) ಹಾಕುತ್ತಾರೆ. ಎರಡಕ್ಕೂ ಗೆರೆ ಎಳೆಯುವುದು ಯಾವುದು? ನಷ್ಟದ ಮೊತ್ತವೇ?

ಉತ್ತರ (ಕ್ರಿಮಿನಲ್ ವಕೀಲರು): ನಷ್ಟದ ಮೊತ್ತ ಅಲ್ಲ. ಯುಎಪಿಎ ಕಲಂ 15 ಓದುವಾಗ ಮೂರು ಸಂಗತಿಗಳನ್ನು ಬಿಡಿಬಿಡಿಯಾಗಿ ನೋಡಬೇಕು. ಒಂದು, ದೇಶದ ಏಕತೆ, ಅಖಂಡತೆ, ಭದ್ರತೆ, ಆರ್ಥಿಕ ಭದ್ರತೆ ಅಥವಾ ಸಾರ್ವಭೌಮತ್ವಕ್ಕೆ ಬೆದರಿಕೆ ಒಡ್ಡುವ, ಇಲ್ಲವೇ ಜನರಲ್ಲಿ ಅಥವಾ ಜನರ ಒಂದು ವರ್ಗದಲ್ಲಿ ಭೀತಿ ಹುಟ್ಟಿಸುವ ಉದ್ದೇಶ ಅಥವಾ ಸಂಭವ. ಎರಡು, ಬಳಸಿದ ಸಾಧನ: ಬಾಂಬು, ಸ್ಫೋಟಕ, ಬೇಗ ಹೊತ್ತಿಕೊಳ್ಳುವ ವಸ್ತು, ಬಂದೂಕು, ವಿಷಾನಿಲ ಇತ್ಯಾದಿ. ಮೂರು, ಅದರಿಂದ ಆದ ಅಥವಾ ಆಗಬಹುದಾಗಿದ್ದ ಪರಿಣಾಮ: ಸಾವು, ಗಾಯ, ಆಸ್ತಿ ನಾಶ, ಜನಜೀವನಕ್ಕೆ ಅಗತ್ಯವಾದ ಸೇವೆಗಳ ಅಸ್ತವ್ಯಸ್ತತೆ, ಖೋಟಾ ನೋಟಿನ ಚಲಾವಣೆ ಮುಂತಾದವು. ಸಾರ್ವಜನಿಕ ಅಧಿಕಾರದಲ್ಲಿರುವವರನ್ನು ಬಲಪ್ರಯೋಗದಿಂದ ಬೆದರಿಸುವುದು, ಒತ್ತೆಯಾಳು ಹಿಡಿದು ಸರ್ಕಾರವನ್ನು ಮಣಿಸುವುದು ಇವಕ್ಕೆ ಬೇರೆ ಉಪಕಲಂಗಳಿವೆ.

ಸಾಧನಗಳ ಪಟ್ಟಿಯ ಕೊನೆಗೆ ‘ಬೇರೆ ಯಾವುದೇ ವಿಧಾನದಿಂದ’ ಎಂಬ ಮಾತಿದೆ. ಹಾಗಾಗಿ ಎರಡನೆಯ ಅಂಶದ ಮೇಲೆ ವಾದ ಕಟ್ಟಿದವರು ಸಾಮಾನ್ಯವಾಗಿ ಸೋಲುತ್ತಾರೆ. ಬೆಂಕಿ ಹಚ್ಚಿದ್ದು ನಿಜವಾದರೆ ಮೂರನೆಯದೂ ಸುಲಭ. ನಿಜವಾದ ಜಗ್ಗಾಟ ನಡೆಯುವುದು ಮೊದಲನೆಯದರ ಮೇಲೆ. ಅಪರಾಧ ನಡೆದ ಕಡೆ ಜನ ಹೆದರುವುದು ಸಹಜ. ಕೊಲೆಯಾದ ಬೀದಿಯಲ್ಲೂ ಅಂಗಡಿ ಮುಚ್ಚುತ್ತವೆ. ಆ ಹೆದರಿಕೆ ಕೃತ್ಯದ ಗುರಿಯಾಗಿತ್ತೇ, ಉಪಫಲ ಮಾತ್ರವೇ ಎಂದು ಕೇಳಬೇಕು. ಹಿಂದೆ ಇದ್ದ ಭಯೋತ್ಪಾದನೆ ತಡೆ ಕಾಯ್ದೆ ಟಾಡಾದಡಿ ಹಿತೇಂದ್ರ ವಿಷ್ಣು ಠಾಕೂರ್ ಪ್ರಕರಣದಲ್ಲಿ (1994) ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಸಾಮಾನ್ಯ ದಂಡ ಕಾನೂನಿನ ಕೈಗೆ ಸಿಗುವ ಅಪರಾಧದ ಪರಿಣಾಮವನ್ನು ಮೀರಿ ಹಬ್ಬುವಂಥದ್ದು ಮಾತ್ರ ಭಯೋತ್ಪಾದನೆ.

ಬ್ರಿಟನ್ನಿನ 2000ನೇ ಇಸವಿಯ ಕಾಯ್ದೆ ರಾಜಕೀಯ, ಧಾರ್ಮಿಕ, ಜನಾಂಗೀಯ ಅಥವಾ ಸೈದ್ಧಾಂತಿಕ ಕಾರಣವೊಂದನ್ನು ಮುಂದೊತ್ತುವ ಉದ್ದೇಶವನ್ನೂ ಕೇಳುತ್ತದೆ. ನಮ್ಮ ಕಲಂ 15ರಲ್ಲಿ ಆ ಷರತ್ತಿಲ್ಲ. ಜೊತೆಗೆ ‘ಸಂಭವ’ ಎಂಬ ಪದವೂ ಇದೆ. ಇವೆರಡರಿಂದ ಕಲಂ ತುಂಬ ಅಗಲವಾಗಿದೆ. ಅದಕ್ಕೇ ಘಟನೆ ಭೀಕರವಾಗಿತ್ತು ಎಂಬ ಒಂದೇ ಕಾರಣಕ್ಕೆ ಇದನ್ನು ಹಾಕುವುದು ತಪ್ಪು ಎಂದು ಒತ್ತಿ ಹೇಳುತ್ತೇನೆ. ನೀವು ಕೇಳಿದ ಬಸ್ಸಿಗೆ ದೊಂಬಿಯ ಕಲಂಗಳ ಜೊತೆ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆ, 1984 ಇದೆ. ಬೆಂಕಿಯಿಂದ ಹಾನಿ ಮಾಡಿದರೆ ಅದರ ಕಲಂ 4ರಡಿ 1ರಿಂದ 10 ವರ್ಷ ಜೈಲು. ಅದೇನು ಸಣ್ಣ ಶಿಕ್ಷೆಯಲ್ಲ.

ಪ್ರಶ್ನೆ: ಅಕ್ರಮ ಕೂಟಕ್ಕೆ ಐದು ಜನ ಬೇಕು ಅಂತಾರೆ. ಎಂಟು ಆರೋಪಿಗಳಲ್ಲಿ ನಾಲ್ವರು ಖುಲಾಸೆಯಾದರೆ ಉಳಿದವರ ಮೇಲಿನ ಆರೋಪ ಬಿದ್ದುಹೋಗುತ್ತದೆಯೇ ಮೇಡಂ?

ಉತ್ತರ (ಮಾಜಿ ಸರ್ಕಾರಿ ಅಭಿಯೋಜಕರು): ಆರೋಪ ಹೇಗೆ ಹೊರಿಸಿದ್ದಾರೆ ಎಂಬುದರ ಮೇಲೆ ಹೋಗುತ್ತದೆ. ‘ಈ ಎಂಟು ಜನ’ ಎಂದಷ್ಟೇ ಬರೆದಿದ್ದರೆ, ಉಳಿದ ನಾಲ್ವರಿಂದ ಅಕ್ರಮ ಕೂಟ ಆಗುವುದಿಲ್ಲ. ‘ಈ ಎಂಟು ಜನ ಮತ್ತು ಗುರುತು ಸಿಗದ ಇತರರು’ ಎಂದು ಬರೆದು, ಆ ಇತರರು ಸ್ಥಳದಲ್ಲಿದ್ದರು ಎಂಬುದಕ್ಕೆ ಸಾಕ್ಷ್ಯವೂ ಇದ್ದರೆ ನಿಲ್ಲುತ್ತದೆ. ಬರೆದರಷ್ಟೇ ಸಾಲದು, ಸಾಕ್ಷಿಗಳ ಬಾಯಲ್ಲಿ ಬರಬೇಕು. ಕೂಟದ ಆರೋಪ ಬಿದ್ದರೂ ಒಂದೇ ಆಶಯದಿಂದ ಕೂಡಿ ಮಾಡಿದರು ಎಂದು ಸಾಬೀತಾದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 3(5) ಉಳಿದಿರುತ್ತದೆ. ಅದಕ್ಕೆ ಐವರು ಬೇಕಿಲ್ಲ.

ಸಂಖ್ಯೆಯ ಜೊತೆ ಕಲಂ 189ರಲ್ಲಿ ಹೇಳಿದ ಐದು ಬಗೆಯ ಸಮಾನ ಉದ್ದೇಶಗಳಲ್ಲಿ ಒಂದಾದರೂ ಇರಬೇಕು. ಕೂಟ ಸೇರುವಾಗ ಶಾಂತವಾಗಿದ್ದು ಆಮೇಲೆ ಅಕ್ರಮವಾಗಬಹುದು, ಉದ್ದೇಶ ಸ್ಥಳದಲ್ಲೇ ಹುಟ್ಟಬಹುದು. ಆ ಉದ್ದೇಶಕ್ಕಾಗಿ ಒಬ್ಬನೇ ಬಲಪ್ರಯೋಗ ಮಾಡಿದರೂ ಕಲಂ 191ರಡಿ ಎಲ್ಲ ಸದಸ್ಯರೂ ದೊಂಬಿಯ ಅಪರಾಧಿಗಳು: 2 ವರ್ಷದವರೆಗೆ, ಮಾರಕಾಯುಧ ಹಿಡಿದಿದ್ದವರಿಗೆ 5 ವರ್ಷದವರೆಗೆ. ಹಳೆಯ ಐಪಿಸಿಯಲ್ಲಿ ಎರಡನೆಯದು 3 ವರ್ಷ ಇತ್ತು. ಹಾಗಾಗಿ ನ್ಯಾಯ ಸಂಹಿತೆ ಜಾರಿಗೆ ಬಂದ 2024ರ ಜುಲೈ 1ಕ್ಕಿಂತ ಮೊದಲಿನ ಘಟನೆಗೆ ಹೊಸ ಕಲಂ ಹಾಕಿದ್ದಾರೆಯೇ ನೋಡಿಕೊಳ್ಳಿ.

ಪ್ರಶ್ನೆ: ವೀಡಿಯೊದಲ್ಲಿ ಗುಂಪಿನಲ್ಲಿ ನಿಂತಿದ್ದು ಕಂಡರೆ ಸಾಕೇ?

ಉತ್ತರ (ಮಾಜಿ ಸರ್ಕಾರಿ ಅಭಿಯೋಜಕರು): ಸಾಲದು. ಬರೀ ಹಾಜರಿ ಬೇರೆ, ಸದಸ್ಯತ್ವ ಬೇರೆ. ಆದರೆ ಉದ್ದೇಶದಲ್ಲಿ ಪಾಲಿತ್ತು ಎಂದು ತೋರಿಸಿದರೆ, ಆತ ಕೈಯಾರೆ ಏನೂ ಮಾಡಿಲ್ಲ ಎಂಬುದು ರಕ್ಷಣೆಯಾಗದು. ಸಮಾನ ಉದ್ದೇಶಕ್ಕಾಗಿ ಒಬ್ಬ ಸದಸ್ಯ ಮಾಡಿದ ಅಪರಾಧಕ್ಕೆ ಎಲ್ಲ ಸದಸ್ಯರನ್ನೂ ಹೊಣೆ ಮಾಡುವ ಕಲಂ 190 ಅವನನ್ನೂ ಹಿಡಿಯುತ್ತದೆ. ಸುಪ್ರೀಂ ಕೋರ್ಟಿನ 1964ರ ಮಸಲ್ತಿ ತೀರ್ಪು ಎರಡನ್ನೂ ಹೇಳಿದೆ. ದೊಡ್ಡ ಗುಂಪಿನ ಪ್ರಕರಣದಲ್ಲಿ ಒಬ್ಬೊಬ್ಬ ಆರೋಪಿಯ ವಿರುದ್ಧವೂ ಇಬ್ಬರು, ಮೂವರು ಸಾಕ್ಷಿಗಳು ಒಂದೇ ರೀತಿ ಹೇಳುತ್ತಿದ್ದಾರೆಯೇ ಎಂದು ನೋಡುವ ಎಚ್ಚರಿಕೆಯ ಅಳತೆಗೋಲು ಅಲ್ಲಿಂದಲೇ ಬಂದದ್ದು.

ಪ್ರಾಸಿಕ್ಯೂಷನ್ ಎಡವುವುದು ಹೆಚ್ಚಾಗಿ ಇಲ್ಲೇ. ಮೂವತ್ತು ಹೆಸರು ಒಂದೇ ವಾಕ್ಯದಲ್ಲಿ ಪೋಣಿಸಿ ‘ಇವರೆಲ್ಲ ಕಲ್ಲು ತೂರಿದರು’ ಎಂಬ ಹೇಳಿಕೆ ಪಾಟೀಸವಾಲಿನಲ್ಲಿ ಹತ್ತು ನಿಮಿಷ ನಿಲ್ಲುವುದಿಲ್ಲ. ಯಾರು, ಎಲ್ಲಿ, ಕೈಯಲ್ಲಿ ಏನು, ಎಷ್ಟು ದೂರದಿಂದ, ಯಾವ ಬೆಳಕಿನಲ್ಲಿ ಕಂಡದ್ದು, ಇವು ಬೇಕು. ಮುಖಪರಿಚಯವಿಲ್ಲದ ಸಾಕ್ಷಿಯಾದರೆ ಗುರುತು ಪತ್ತೆ ಪರೇಡ್ ತಡಮಾಡಬಾರದು, ಅದಕ್ಕೆ ಮೊದಲು ಫೋಟೊ ತೋರಿಸಲೂಬಾರದು. ವೀಡಿಯೊ ಪ್ರತಿಗೆ ಸಾಕ್ಷ್ಯ ಅಧಿನಿಯಮದ ಕಲಂ 63(4)ರ ಪ್ರಮಾಣಪತ್ರ ಬೇಕು: ಭಾಗ ಎ ಸಾಧನ ಇಟ್ಟುಕೊಂಡವರಿಂದ, ಭಾಗ ಬಿ ತಜ್ಞರಿಂದ, ಹ್ಯಾಶ್ ಮೌಲ್ಯದ (ಕಡತ ಬದಲಾಗಿಲ್ಲ ಎಂದು ತಾಳೆ ನೋಡುವ ಸಂಕೇತ) ಸಮೇತ. ವಾಟ್ಸ್ಆ್ಯಪ್‌ನಲ್ಲಿ ಬಂದ ಕ್ಲಿಪ್ಪಿಗೆ ಮೂಲ ಮೊಬೈಲ್ ಯಾವುದೆಂದೇ ಗೊತ್ತಿರುವುದಿಲ್ಲ, ಅಲ್ಲಿಗೆ ಆ ಸಾಕ್ಷ್ಯ ಕುಂಟುತ್ತದೆ.

ಪ್ರಶ್ನೆ: ಬೀದಿಯಲ್ಲಿ ಇಬ್ಬರೇ ಬಡಿದಾಡಿಕೊಂಡರೆ?

ಉತ್ತರ (ಕ್ರಿಮಿನಲ್ ವಕೀಲರು): ಸಾರ್ವಜನಿಕ ಸ್ಥಳದಲ್ಲಿ ಹೊಡೆದಾಡಿ ಸಾರ್ವಜನಿಕ ಶಾಂತಿ ಕದಡಿದರೆ ನ್ಯಾಯ ಸಂಹಿತೆಯ ಕಲಂ 194. ಒಂದು ತಿಂಗಳವರೆಗೆ ಜೈಲು, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮನೆಯೊಳಗಿನ ಜಗಳಕ್ಕೆ ಇದು ಅನ್ವಯಿಸದು.

ಪ್ರಶ್ನೆ: ನ್ಯಾಯ ಸಂಹಿತೆಯ ಕಲಂ 113ರಲ್ಲೂ ಭಯೋತ್ಪಾದಕ ಕೃತ್ಯ ಇದೆಯಲ್ಲ. ಯುಎಪಿಎ ಇದ್ದ ಮೇಲೆ ಅದೇಕೆ?

ಉತ್ತರ (ಕ್ರಿಮಿನಲ್ ವಕೀಲರು): ವ್ಯಾಖ್ಯೆಯ ಪದಗಳು ಬಹುತೇಕ ಒಂದೇ, ಶಿಕ್ಷೆಯೂ: ಸಾವು ಸಂಭವಿಸಿದರೆ ಮರಣದಂಡನೆ ಅಥವಾ ಜೀವಾವಧಿ, ಇಲ್ಲದಿದ್ದರೆ ಕನಿಷ್ಠ 5 ವರ್ಷದಿಂದ ಜೀವಾವಧಿಯವರೆಗೆ. ಯಾವುದರಡಿ ದಾಖಲಿಸಬೇಕೆಂದು ಎಸ್‌ಪಿ ದರ್ಜೆಗಿಂತ ಕಡಿಮೆಯಲ್ಲದ ಅಧಿಕಾರಿ ತೀರ್ಮಾನಿಸಬೇಕು ಎಂದು ಕಲಂ 113ರ ವಿವರಣೆಯೇ ಹೇಳುತ್ತದೆ. ಆದರೆ ಮುಂದಿನ ದಾರಿ ಬೇರೆ. ಯುಎಪಿಎಯಲ್ಲಿ ಜಾಮೀನಿಗೆ 43ಡಿ(5)ರ ಅಡ್ಡಗೋಡೆ ಇದೆ (ಆರೋಪ ಮೇಲ್ನೋಟಕ್ಕೆ ನಿಜವೆನಿಸಿದರೆ ಜಾಮೀನಿಲ್ಲ), ವಿಚಾರಣೆಗೆ ಕಲಂ 45ರಡಿ ಸರ್ಕಾರದ ಪೂರ್ವಾನುಮತಿ ಬೇಕೆಂಬ ರಕ್ಷಣೆಯೂ ಇದೆ. 113ರಲ್ಲಿ ಆ ಗೋಡೆಯೂ ಇಲ್ಲ, ಆ ರಕ್ಷಣೆಯೂ ಇಲ್ಲ.

ಪ್ರಶ್ನೆ: ಯುಎಪಿಎ ಆರೋಪಿಯ ವಕೀಲರು ಮೊದಲು ಏನು ನೋಡಬೇಕು?

ಉತ್ತರ (ಕ್ರಿಮಿನಲ್ ವಕೀಲರು): ಬಂಧನದ ಆಧಾರಗಳನ್ನು ಲಿಖಿತವಾಗಿ ಕೊಟ್ಟಿದ್ದಾರೆಯೇ? ಸುಪ್ರೀಂ ಕೋರ್ಟಿನ ಪ್ರಬೀರ್ ಪುರಕಾಯಸ್ಥ ಪ್ರಕರಣದಲ್ಲಿ (2024) ಇದು ಕಡ್ಡಾಯವಾಯಿತು. ‘ತನಿಖೆಗೆ ಬೇಕಾಗಿದ್ದಾರೆ’ ಎಂಬ ಅಚ್ಚುಮಾತು ಸಾಲದು, ಆ ವ್ಯಕ್ತಿಯ ವಿರುದ್ಧ ಇರುವ ಸಂಗತಿ ಅದರಲ್ಲಿರಬೇಕು.

ಆಮೇಲೆ ದಿನ ಎಣಿಸಿ. ಆರೋಪಪಟ್ಟಿ ಸಲ್ಲಿಸಲು ಮೊದಲ ರಿಮ್ಯಾಂಡ್ (ನ್ಯಾಯಾಲಯ ಬಂಧನಕ್ಕೆ ಒಪ್ಪಿಸಿದ) ದಿನವನ್ನೂ ಸೇರಿಸಿ 90 ದಿನ. ಅದನ್ನು 180ಕ್ಕೆ ಏರಿಸಲು ಸರ್ಕಾರಿ ಅಭಿಯೋಜಕರ ವರದಿ ಬೇಕು. ಅದರಲ್ಲಿ ತನಿಖೆಯ ಪ್ರಗತಿ ಮತ್ತು ಆರೋಪಿಯನ್ನು ಇನ್ನೂ ಒಳಗಿಡಲು ನಿರ್ದಿಷ್ಟ ಕಾರಣ ಇರಬೇಕು. ವಿಸ್ತರಣೆಯೂ ಇಲ್ಲ, ಆರೋಪಪಟ್ಟಿಯೂ ಇಲ್ಲ ಎಂದಾದರೆ ಡೀಫಾಲ್ಟ್ ಜಾಮೀನು (ಗಡುವು ಮೀರಿದ್ದಕ್ಕೇ ಸಿಗುವ ಜಾಮೀನು) ಅರ್ಜಿಯನ್ನು ಅಂದೇ ಹಾಕಿ. ಆರೋಪಪಟ್ಟಿ ಬಂದ ಮೇಲೆ ಹಾಕಿದರೆ ಹಕ್ಕು ಕೈತಪ್ಪಿತು.

ಪೂರ್ವಾನುಮತಿಯ ಕಡತವನ್ನು ತರಿಸಿ ನೋಡಿ: ಸ್ವತಂತ್ರ ಪರಿಶೀಲನಾ ಪ್ರಾಧಿಕಾರದ ಶಿಫಾರಸಿಗೆ 7 ಕೆಲಸದ ದಿನ, ಸರ್ಕಾರದ ನಿರ್ಧಾರಕ್ಕೆ ಇನ್ನು 7. ಈ ಅವಧಿಯನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂದು 2024ರಲ್ಲಿ ಸುಪ್ರೀಂ ಕೋರ್ಟಿನ ಫುಲೇಶ್ವರ್ ಗೋಪ್ ತೀರ್ಪು ಹೇಳಿದೆ, ಆಕ್ಷೇಪವನ್ನು ಆದಷ್ಟು ಬೇಗ ಎತ್ತಬೇಕೆಂದೂ ಹೇಳಿದೆ. ವಿಚಾರಣೆ ವರ್ಷಗಟ್ಟಲೆ ಎಳೆದರೆ ಸುಪ್ರೀಂ ಕೋರ್ಟಿನದೇ ಕೆ.ಎ. ನಜೀಬ್ ತೀರ್ಪಿನ (2021) ಬಲದ ಮೇಲೆ ಹೈಕೋರ್ಟಿನಲ್ಲಿ ಜಾಮೀನು ಕೇಳಬಹುದು. ಆಗ ಎಷ್ಟು ಸಾಕ್ಷಿಗಳ ಪಟ್ಟಿ ಇದೆ, ಎಷ್ಟು ಜನರ ವಿಚಾರಣೆ ಮುಗಿದಿದೆ ಎಂಬ ಲೆಕ್ಕವನ್ನು ತಾರೀಖಿನ ಸಮೇತ ಅರ್ಜಿಗೆ ಲಗತ್ತಿಸಿ.