ಜೊಲ್ಲಾ, ಎಂಜಲಾ, ಲಾಲಾರಸವಾ? ನಾಳೆಯೊಳಗೆ ಬೇಕು

ನಮಸ್ಕಾರ. ಶಿರಸಿಯ ಒಂದು ಹಲ್ಲಿನ ದವಾಖಾನೆಗೆ ಕರಪತ್ರ ಅನುವಾದ ಮಾಡ್ತಿದ್ದೇನೆ. ನಾಳೆ ಹತ್ತಕ್ಕೆ ಪ್ರೆಸ್ಸಿಗೆ ಹೋಗಬೇಕು. ರೇಡಿಯೇಶನ್ ಆದವರಿಗೆ, ಕೆಲವು ಬಿಪಿ, ಅಲರ್ಜಿ ಮಾತ್ರೆ ತಿನ್ನುವವರಿಗೆ ಬಾಯಿ ಒಣಗುತ್ತದಲ್ಲ, ಅವರು ಬಾಯೊಳಗೆ ಹೊಡೆದುಕೊಳ್ಳುವ ಸ್ಪ್ರೇ, ಸವರಿಕೊಳ್ಳುವ ಜೆಲ್ ಇದೆ. ಅದಕ್ಕೆ ಏನನ್ನೋಣ? 'ಕೃತಕ ಜೊಲ್ಲು' ಅಂತ ಬರೆದಿದ್ದೆ. ಅಪ್ಪಯ್ಯ ಓದಿ, "ಜೊಲ್ಲು ಸುರಿಸೋದು ಶಿಶು, ಇಲ್ಲಾ ನಾಯಿ. ನಂಗೆ ಬೇಡ" ಅಂದರು. ರೇಡಿಯೇಶನ್ ಆದಮೇಲೆ ಅವರ ಕವಳದ ಬಟ್ಟಲು ಅಟ್ಟ ಸೇರಿದೆ. ಅವಲಕ್ಕಿ ನಾಲಿಗೆ ಮೇಲೆ ಹಾಗೇ ಕೂತಿರುತ್ತದೆ. ಅಪ್ಪೆಮಿಡಿ ಎದುರಿಗಿಟ್ಟರೂ ನೀರೂರುವುದಿಲ್ಲ.

ಹೊನ್ನಾವರದಿಂದ:
ಕೃತಕ ಲಾಲಾರಸ. ಶಾಲೆ ಪುಸ್ತಕದಲ್ಲೇ ಇದೆ. ಇದರಲ್ಲಿ ಚರ್ಚೆ ಏನು?

ಕುಮಟಾದಿಂದ:
ಚರ್ಚೆ ಇದೆ ಸರ್. ಲಾಲಾ ಸಂಸ್ಕೃತ. ನಮ್ಮದು ಎಂಜಲು. ತಮಿಳಿನಲ್ಲಿ ಎಚ್ಚಿಲ್. ಅಲ್ಲಿ ಎಂಜು ಅಂದರೆ ಉಳಿ, ಮಿಗು. ಧಾತು ಸಮೇತ ಮನೆಯಲ್ಲೇ ಇರುವಾಗ ಸಾಲ ಯಾಕೆ?

ಶಿರಸಿಯಿಂದ:
ಮಾಸ್ತರೇ, ನಿಮ್ಮ ಧಾತುವಿನ ಪ್ರಕಾರವೇ ಅದು ಉಂಡು ಬಿಟ್ಟದ್ದು. 'ಕೃತಕ ಎಂಜಲು' ಬಾಯಿಗೆ ಹೊಡ್ಕೊಳ್ಳಿ ಅಂದರೆ ಅಮ್ಮಮ್ಮ ಬಾಟ್ಲಿ ಸಮೇತ ಹೊರಗೆ ಎಸೆದು, ಸ್ನಾನ ಮಾಡಿ ಬರ್ತಾರೆ.

ಕಾರವಾರದಿಂದ:
ನಮ್ಮ ಕೊಂಕಣಿಯಲ್ಲಿ ಲಾಳ. ಅದೇ ಲಾಲಾ. ಮೀನುಪೇಟೆಯಲ್ಲೂ ನಡೆಯುತ್ತದೆ, ಪಂಡಿತರ ಸ್ವತ್ತೇನಲ್ಲ. ಸ್ಪ್ರೇ, ಜೆಲ್, ಪ್ರೆಸ್ಸು ಎಲ್ಲಾ ಸಲೀಸಾಗಿ ನುಂಗಿದಿರಿ. ಲಾಲಾ ಮಾತ್ರ ಗಂಟಲಲ್ಲಿ ಸಿಕ್ಕಿತಾ?

ಕುಮಟಾದಿಂದ:
ಕೊಂಕಣಿ ಪ್ರಶ್ನೆ ಇಲ್ಲಿಲ್ಲ.

ಅಂಕೋಲೆಯಿಂದ:
ನಾನು ಔಷಧಿ ಅಂಗಡಿಯವಳು. ಬಾಟ್ಲಿಯಲ್ಲಿ ಏನಿದೆ ಅಂತ ಯಾರೂ ಕೇಳಲಿಲ್ಲ. ನೀರು, ತೆಳು ಗಂಜಿಯಂತೆ ಮಂದ ಮಾಡುವ ಸೆಲ್ಯುಲೋಸ್, ಗ್ಲಿಸರಿನ್, ಕೆಲವದರಲ್ಲಿ ಕ್ಸೈಲಿಟಾಲ್ ಅನ್ನೋ ಸಿಹಿ. ಕೆಲವದರಲ್ಲಿ ಹಂದಿಯ ಹೊಟ್ಟೆಯಿಂದ ತೆಗೆದ ಮ್ಯೂಸಿನ್ ಅನ್ನೋ ಲೋಳೆ ಕೂಡ ಇರುತ್ತದೆ, ಅಮ್ಮಮ್ಮನಿಗೆ ಲೇಬಲ್ ಓದಿ ಕೊಡಿ. ಆರೋಗ್ಯದ ಬಾಯಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಊರಿಸುತ್ತದೆ. ಇದು ಏನನ್ನೂ ಊರಿಸುವುದಿಲ್ಲ. ಸ್ವಲ್ಪ ಹೊತ್ತು ಒದ್ದೆ ಇಡುತ್ತದೆ, ಅಷ್ಟೆ. ಊರಿಸೋದಕ್ಕೆ ಪೈಲೋಕಾರ್ಪಿನ್ ಮಾತ್ರೆ ಬೇರೆ ಇದೆ. ಗಿರಾಕಿ ಎರಡನ್ನೂ ಒಂದೇ ಅಂದುಕೊಳ್ಳಬಾರದು. ಹಾಗಾಗಿ ರಸ, ಜೊಲ್ಲು ಎರಡೂ ಬಿಡಿ. ಬಾಯಿ ಪಸೆ ಆರಿತು ಅಂತೇವೆ, ಅಲ್ವಾ? 'ಬಾಯಿಪಸೆ ಸ್ಪ್ರೇ' ಅನ್ನಿ.

ಕುಮಟಾದಿಂದ:
ಪಸೆ ಆಗಬಹುದು. ತಮಿಳಿನ ಪಸೈ, ಅಂಟು ಎಂಬ ಅರ್ಥವೂ ಇದೆ. ಆದರೆ ಸ್ಪ್ರೇ ತೆಗೆಯಿರಿ. ಸಿಂಪಡಿಕೆ.

ಶಿರಸಿಯಿಂದ:
ಸಿಂಪಡಿಕೆ ಅಂದರೆ ಅಪ್ಪಯ್ಯ ಅಡಿಕೆಗೆ ಬೋರ್ಡೋ ಔಷಧಿ ಹೊಡೆಯೋದು ಅಂದುಕೊಳ್ಳುತ್ತಾರೆ ಮಾಸ್ತರೇ. 'ಬಾಯಿಪಸೆ ಸ್ಪ್ರೇ' ಅಂತಲೇ ಕಳಿಸ್ತೇನೆ. ಕೆಳಗೆ ಒಂದು ಸಾಲು: ಊಟಕ್ಕೆ ಮುಂಚೆ, ಮಲಗುವ ಮುಂಚೆ. ಅಕ್ಕೋರೇ, ಉಪಕಾರ ಆಯ್ತು.

ಕುಮಟಾದಿಂದ:
ಹಳಗನ್ನಡದ ಪಾಲು ಈಗ ಹಾಲು. ಪಸೆಯಲ್ಲಿ ಮಾತ್ರ ಪಕಾರ ಹಕಾರವಾಗದೆ ಹೇಗೆ ಉಳಿಯಿತು ಅಂತ ಯಾರಾದರೂ ಯೋಚಿಸಿದಿರಾ?

ಕಾರವಾರದಿಂದ:
ಆಗಿದ್ದರೆ ಹಸೆ. ರೋಗಿಯನ್ನು ಮದುವೆಗೆ ಕೂರಿಸ್ತೀರಾ?